ಮತ್ತೆ ಕಿರಿದಾದ ನಾಳಕ್ಕೆ ಬಲೂನು

ಸಿಂಗಟಗೆರೆಯ ತೆಂಗಿನ ತೋಟಗಳನ್ನು ದಾಟಿ ಕಡೂರಿಗೆ ಹೋಗುವ ಬೆಳಗಿನ ಬಸ್ಸು. ಕಿಟಕಿ ಪಕ್ಕ ಕೂಸನ್ನು ಹೊದೆಸಿಕೊಂಡು ಕೂತ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿ. ಮಡಿಲ ಚೀಲದಲ್ಲಿ ಹೃದಯದ ಎಕೋ ಸ್ಕ್ಯಾನಿನ ರಿಪೋರ್ಟು, ಬಿಸಿನೀರಿನ ಫ್ಲಾಸ್ಕು. ಕೂಸಿನ ಎದೆಯ ನಡುವೆ ಉದ್ದನೆಯ ಹೊಲಿಗೆಯ ಗೆರೆ. ಶ್ವಾಸಕೋಶದಿಂದ ಶುದ್ಧರಕ್ತ ತರುವ ನಾಲ್ಕು ನಾಳಗಳು ಹುಟ್ಟಿನಿಂದಲೇ ತಪ್ಪು ಜಾಗಕ್ಕೆ ಸೇರಿದ್ದವು. ಅವನ್ನು ಹೃದಯದ ಎಡ ಮೇಲ್ಕೋಣೆಗೆ ಸೇರಿಸಿ ಹೊಲಿದಿದ್ದಾರೆ. ‘ಆಪ್ರೇಸನ್ ಆತಲ್ಲ, ಇನ್ನೇನವ್ವ’ ಎಂದು ಊರೂ ನಿರಾಳವಾಗಿತ್ತು. ಈಗ ಕೂಸು ನಾಲ್ಕು ಗುಟುಕು ಹಾಲಿಗೇ ಬೆವರುತ್ತದೆ, ಪಕ್ಕೆ ಸೆಳೆಯುತ್ತದೆ, ತೂಕ ಏರುವುದಿಲ್ಲ. ಕಫವೆಂದು ಔಷಧಿ ಕುಡಿಸಿದ್ದೂ ಆಯಿತು.

ಅದು ಕಫವಲ್ಲ. ಹೊಲಿದ ಜಾಗದಲ್ಲಿ ನಾಳದ ಒಳಗೋಡೆ ದಪ್ಪಗಾಗಿ ದಾರಿ ಕಿರಿದಾಗಿದೆ. ಈ ಶಸ್ತ್ರಚಿಕಿತ್ಸೆಯಾದ ಹತ್ತು ಮಕ್ಕಳಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ, ಬಹುಮಟ್ಟಿಗೆ ಮೊದಲ 6 ತಿಂಗಳಲ್ಲೇ.

ಬೆಂಗಳೂರು ಕಡೂರಿನಿಂದ ಸುಮಾರು 200 ಕಿಲೋಮೀಟರು. ಜಯದೇವ, ವೈಟ್‌ಫೀಲ್ಡಿನ ಸತ್ಯಸಾಯಿ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ: ಮಕ್ಕಳ ಹೃದಯ ನೋಡುವ ಈ ದೊಡ್ಡ ಆಸ್ಪತ್ರೆಗಳು ಇರುವುದು ಅಲ್ಲೇ.

ಅಲ್ಲಿನ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ಕೊಳವೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ತಣ್ಣನೆಯ ಗಾಳಿ. ವೈದ್ಯರ ಮೈಮೇಲೆ ಎಕ್ಸ್‌ರೇ ತಡೆಯುವ ಸೀಸದ ಭಾರದ ಅಂಗಿ. ಅರಿವಳಿಕೆಯಲ್ಲಿ ಮಲಗಿದ ಕೂಸಿನ ತೊಡೆಸಂದಿಯ ರಕ್ತನಾಳಕ್ಕೆ ತೆಂಗಿನ ಗರಿಕಡ್ಡಿಯಷ್ಟು ಸಣ್ಣ ಕೊಳವೆ ಇಳಿಯುತ್ತದೆ. ಅದು ಬಲ ಮೇಲ್ಕೋಣೆ ಸೇರಿ, ನಡುಗೋಡೆಯ ಪುಟ್ಟ ರಂಧ್ರ ದಾಟಿ ಎಡಕ್ಕೆ ಹಾಯುತ್ತದೆ. ರಂಧ್ರವಿಲ್ಲದಿದ್ದರೆ ಸೂಜಿಯಿಂದ ಮಾಡಿಕೊಳ್ಳಬೇಕು. ಆ ಗಳಿಗೆಯಲ್ಲಿ ಕೋಣೆಯ ಮಾತೆಲ್ಲ ನಿಲ್ಲುತ್ತದೆ. ಬಣ್ಣದ ದ್ರವ ಬಿಟ್ಟೊಡನೆ ಪರದೆಯ ಮೇಲೆ ನಾಳ ಕಪ್ಪಗೆ ಮೂಡಿ, ಹೃದಯದ ಬಾಗಿಲಲ್ಲಿ ದಾರದೆಳೆಯಾಗಿ ಕಾಣುತ್ತದೆ. ತಂತಿಯ ಮೇಲೆ ಬಲೂನು ಸರಿದು ಉಬ್ಬುತ್ತದೆ, ನಡುವಿನಲ್ಲಿ ಬಿಗಿದು ಸೊಂಟ ಮೂಡಿಸಿಕೊಂಡು. ಒತ್ತಡ ಏರುತ್ತಾ ಹೋದಂತೆ ಆ ಸೊಂಟ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಎದೆ ಮತ್ತೊಮ್ಮೆ ಕೊಯ್ಯದೆ ನಡೆಯುವ ಈ ಕೆಲಸವನ್ನು ಕಂಡಾಗಲೆಲ್ಲ 1966ರಲ್ಲಿ ಹಸುಗೂಸಿನ ಹೃದಯದೊಳಗೆ ಬಲೂನು ಎಳೆದು ದಾರಿ ಮಾಡಿದ ಫಿಲಡೆಲ್ಫಿಯಾದ ವಿಲಿಯಂ ರಾಷ್ಕಿಂಡ್ ನನಗೆ ನೆನಪಾಗುತ್ತಾರೆ.

ಆದರೆ ಈ ನಾಳಗಳು ಹಠಮಾರಿ. ಬಲೂನು ಹಿಗ್ಗಿಸಿದ್ದು ಮತ್ತೆ ಮುಚ್ಚಿಕೊಳ್ಳುವುದುಂಟು. ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಸ್ಟೆಂಟ್, ಇಟ್ಟರೂ ಮಗು ಬೆಳೆದಂತೆ ಅದನ್ನೂ ಹಿಗ್ಗಿಸಬೇಕು. ಹಾಗಾಗಿ ಎರಡನೆಯ, ಮೂರನೆಯ ಪಯಣ ಬಂದೇ ಬರುತ್ತದೆ, ಮತ್ತು ನನ್ನ ಆತಂಕವೆಲ್ಲ ಅಲ್ಲೇ. ಒಂದು ದಿನದ ಕೂಲಿ ಬಿಟ್ಟು ಹೊರಡಲಾಗದ ಮನೆಯಲ್ಲಿ ಎಕೋ ತಾರೀಖು ಸುಲಭವಾಗಿ ಮುಂದೆ ಹೋಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ. ಎದೆಯ ಮೇಲೆ ಗೆರೆಯಿರುವ ಕೂಸನ್ನು ಕಂಡಾಗ ಅವರು, ಅದಕ್ಕೂ ಮೊದಲು ಊರಿನ ಆಶಾ ಕಾರ್ಯಕರ್ತೆ, ‘ಮುಂದಿನ ಎಕೋ ಯಾವಾಗವ್ವ?’ ಎಂದು ಕೇಳಲಿ. ತಾರೀಖು ದಾಟಿದ್ದರೆ ಅಂದೇ ಆಸ್ಪತ್ರೆಗೆ ಫೋನು ಮಾಡಲಿ.