ಉಲ್ಲೇಖಗಣನೆಯೂ ವಿದ್ವತ್ತಿನ ತೂಕವೂ

ಒಬ್ಬ ವಿದ್ವಾಂಸನು ಎಷ್ಟು ಲೇಖನಗಳನ್ನು ಪ್ರಕಟಿಸಿದನು, ಅವುಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದರು ಎಂಬುದನ್ನು ಎಣಿಸಿ, ಆ ಸಂಖ್ಯೆಯಿಂದ ಅವನ ಯೋಗ್ಯತೆಯನ್ನು ನಿರ್ಣಯಿಸುವ ಪದ್ಧತಿಯು ಈಗ ವಿದ್ಯಾಪೀಠಗಳಲ್ಲಿ ಬಲವಾಗಿ ಬೇರೂರಿರುವುದು. ನೇಮಕ, ಬಡ್ತಿ, ಧನಸಹಾಯ ಇವುಗಳಿಗೆ ಈ ಎಣಿಕೆಯನ್ನು ಕೇಳುವುದುಂಟು. ಇದರ ಸ್ವರೂಪವೇನು, ಪ್ರಾಮಾಣ್ಯವೆಷ್ಟು ಎಂಬುದನ್ನು ಮಸ್ತಿಷ್ಕಶಾಸ್ತ್ರದ ಆಚಾರ್ಯನೊಬ್ಬನ ದೃಷ್ಟಾಂತದಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಲಕ್ಷಣವನ್ನು ಹೇಳುವೆನು. 1955ರಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡನು ವಿಜ್ಞಾನಲೇಖನಗಳಿಗೆ ಉಲ್ಲೇಖಸೂಚಿಯೊಂದು ಬೇಕೆಂದು ಪ್ರತಿಪಾದಿಸಿದನು. 1960ರ ದಶಕದಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಒಂದು ಪತ್ರಿಕೆಯು ಹಿಂದಿನ 2 ವರ್ಷಗಳಲ್ಲಿ ಅಚ್ಚುಮಾಡಿದ ಲೇಖನಗಳಿಗೆ ಒಂದು ವರ್ಷದಲ್ಲಿ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಪತ್ರಿಕೆಯ ಪ್ರಭಾವಾಂಕ. 2005ರಲ್ಲಿ ಹಿರ್ಷ್ ಎಂಬ ಭೌತಶಾಸ್ತ್ರಜ್ಞನು ವ್ಯಕ್ತಿಗೆ ಅನ್ವಯಿಸುವ ಎಚ್-ಸೂಚ್ಯಂಕವನ್ನು ನಿರೂಪಿಸಿದನು. ಒಬ್ಬನು ಬರೆದ 10 ಲೇಖನಗಳಲ್ಲಿ ಒಂದೊಂದಕ್ಕೂ ಹತ್ತಕ್ಕೆ ಕಡಮೆಯಿಲ್ಲದಷ್ಟು ಉಲ್ಲೇಖಗಳಿದ್ದರೆ ಅವನ ಅಂಕ 10. ಒಂದೇ ಲೇಖನವನ್ನು ಬರೆದು 1000 ಉಲ್ಲೇಖಗಳನ್ನು ಪಡೆದವನ ಅಂಕವಾದರೋ 1 ಮಾತ್ರ.

ಇನ್ನು ದೃಷ್ಟಾಂತ. ಸ್ಪೇನ್ ದೇಶದ ಸಾಂತಿಯಾಗೋ ರಾಮೋನ್ ಇ ಕಹಾಲನು (1852–1934) ಬಾರ್ಸಿಲೋನದಲ್ಲಿ ಅಧ್ಯಾಪಕನಾಗಿದ್ದಾಗ, 1888ರ ಮೇ ತಿಂಗಳಲ್ಲಿ ತನ್ನ ಸ್ವಂತ ಖರ್ಚಿನಿಂದ ತ್ರೈಮಾಸಿಕ ಪತ್ರಿಕೆಯೊಂದನ್ನು ಹೊರಡಿಸಿದನು. ಅಚ್ಚಾದ ಪ್ರತಿಗಳು 60. ಇಟಲಿಯ ಗಾಲ್ಜಿಯು 1873ರಲ್ಲಿ ಪ್ರಕಟಿಸಿದ್ದ ಬೆಳ್ಳಿಯ ಲವಣದ ವರ್ಣಕ್ರಮದಿಂದ ಪಕ್ಷಿಗಳ ಮಿದುಳನ್ನು ಪರೀಕ್ಷಿಸಿ, ನರತಂತುಗಳು ಒಂದರೊಳಗೊಂದು ಬೆಸೆದ ಬಲೆಯಲ್ಲ, ಪ್ರತಿಯೊಂದು ಕೋಶವೂ ಬೇರೆಬೇರೆಯೇ ಆಗಿ ಕೇವಲ ಸಾಮೀಪ್ಯದಿಂದ ವ್ಯವಹರಿಸುತ್ತದೆ ಎಂಬ ಮತಕ್ಕೆ ಆತನು ಅಡಿಪಾಯವನ್ನು ಹಾಕಿದ್ದು ಈ ಪತ್ರಿಕೆಯಲ್ಲಿಯೇ. ಆದರೆ ಬರೆದುದು ಸ್ಪ್ಯಾನಿಷ್ ಭಾಷೆಯಲ್ಲಿ. ಆ ಶಾಸ್ತ್ರದ ಘಟಾನುಘಟಿಗಳು ಓದುತ್ತಿದ್ದುದು ಜರ್ಮನ್, ಫ್ರೆಂಚ್ ಭಾಷೆಗಳನ್ನು. ಗಮನಿಸಿದವರು ತೀರ ವಿರಳ.

ಕಹಾಲನು ಕೈಕಟ್ಟಿ ಕೂಡಲಿಲ್ಲ. 1889ರ ಅಕ್ಟೋಬರಿನಲ್ಲಿ ತನ್ನ ಗಾಜಿನ ಫಲಕಗಳನ್ನು ತೆಗೆದುಕೊಂಡು ಬರ್ಲಿನ್ನಿನ ಅಂಗರಚನಾಶಾಸ್ತ್ರಜ್ಞರ ಸಭೆಗೆ ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಿರೆಂದು ಪಂಡಿತರನ್ನು ಒಬ್ಬೊಬ್ಬರನ್ನಾಗಿ ಕರೆದನು. ವಯೋವೃದ್ಧನಾದ ಕೊಲ್ಲಿಕರನು ನೋಡಿದನು, ಒಪ್ಪಿದನು. ಈತನ ಬರಹಗಳನ್ನು ಓದುವುದಕ್ಕಾಗಿಯೇ ಸ್ಪ್ಯಾನಿಷ್ ಕಲಿತನೆಂದು ಪ್ರಸಿದ್ಧಿ. 1891ರಲ್ಲಿ ವಾಲ್ಡೆಯರನು 'ನ್ಯೂರಾನ್' ಎಂಬ ಹೆಸರನ್ನಿಟ್ಟನು. 1906ರಲ್ಲಿ ನೊಬೆಲ್ ಪಾರಿತೋಷಕವು ಕಹಾಲನಿಗೂ ಗಾಲ್ಜಿಗೂ ಕೂಡಿಯೇ ಬಂದಿತು.

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: "ಸಂಖ್ಯೆಗೆ ಪಕ್ಷಪಾತವಿಲ್ಲ, ಎಣಿಕೆಯನ್ನು ಬಿಟ್ಟರೆ ನಂಟಸ್ತಿಕೆಯೂ ಶಿಫಾರಸೂ ಆಳುವುವು." ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಯೋಗ್ಯತೆಗೆ ಉಲ್ಲೇಖಸಂಖ್ಯೆಯೇ ಲಕ್ಷಣವೆಂದರೆ ನೈಯಾಯಿಕರು ಹೇಳುವ ಎರಡು ದೋಷಗಳೂ ಪ್ರಾಪ್ತವಾಗುವುವು.

ಮೊದಲನೆಯದು ಅವ್ಯಾಪ್ತಿ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. 60 ಪ್ರತಿಗಳ ಆ ಪತ್ರಿಕೆಗೆ 2 ವರ್ಷಗಳ ಗಡುವಿನ ಪ್ರಭಾವಾಂಕವನ್ನು ಹಾಕಿದ್ದರೆ ಏನು ದೊರೆಯುತ್ತಿತ್ತು? ಅಷ್ಟೇ ಅಲ್ಲ, ಸಿದ್ಧಾಂತವು ಸರ್ವಸಮ್ಮತವಾದ ಮೇಲೂ ಇದೇ ದೋಷ. ಇಂದು ನ್ಯೂರಾನ್ ಎಂದು ಬರೆಯುವವರೆಲ್ಲರೂ ಕಹಾಲನನ್ನು ಹೆಸರಿಸುವುದಿಲ್ಲ. ಪರಮಪ್ರಭಾವವು ಉಲ್ಲೇಖವನ್ನು ದಾಟಿ ಭಾಷೆಯಲ್ಲಿಯೇ ಕರಗಿಹೋಗುತ್ತದೆ.

ಎರಡನೆಯದು ಅತಿವ್ಯಾಪ್ತಿ. ದೂರದ ಮಂಜನ್ನು ಹೊಗೆಯೆಂದು ಭ್ರಮಿಸುವಂತೆ, ಖಂಡನೆಗಾಗಿ ಎತ್ತಿಕೊಂಡ ಉಲ್ಲೇಖವೂ ಮಂಡನೆಯ ಲೆಕ್ಕಕ್ಕೇ ಸೇರುವುದು. ಗಾಲ್ಜಿಯು ತನ್ನ ನೊಬೆಲ್ ಉಪನ್ಯಾಸದಲ್ಲಿ ನ್ಯೂರಾನ್ ವಾದವನ್ನು ಎತ್ತಿಕೊಂಡದ್ದು ಅದನ್ನು ನಿರಾಕರಿಸುವುದಕ್ಕಾಗಿ. ಎಣಿಸುವ ಯಂತ್ರಕ್ಕೆ ಪೂರ್ವಪಕ್ಷವೂ ಸಿದ್ಧಾಂತವೂ ಒಂದೇ. ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವವನ ಅಂಕವೂ ಹೀಗೆಯೇ ಬೆಳೆಯುವುದು.

ಆದುದರಿಂದ ಉಲ್ಲೇಖಸಂಖ್ಯೆಯು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಪತ್ರಿಕೆಯ ಅಂಕದಿಂದ ಲೇಖಕನನ್ನು ಅಳೆಯಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂಡಿದ ಪತ್ರಿಕಾಸಂಪಾದಕರೂ ಪ್ರಕಾಶಕರೂ ರೂಪಿಸಿದ ಘೋಷಣೆಯ ತಾತ್ಪರ್ಯವೂ ಇದೇ. ಬರೆದುದನ್ನು ಓದದೆ ಬರೆದವನನ್ನು ತೂಗುವುದು ಸಲ್ಲದು.

ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವ ನಮಗೆ ಈ ಕಥೆಯಿಂದ ಸಮಾಧಾನವೂ ಉಂಟು, ಎಚ್ಚರಿಕೆಯೂ ಉಂಟು. ಓದುಗರು ಕೆಲವರೇ ಎಂಬ ಕಾರಣದಿಂದ ಬರಹವು ಹಗುರವಾಗದು, ಇದು ಸಮಾಧಾನ. ಆದರೆ ಬರೆದು ಪೆಟ್ಟಿಗೆಯಲ್ಲಿಟ್ಟರೆ ಸಾಲದು. ಕಹಾಲನು ಫಲಕಗಳನ್ನು ಹೊತ್ತು ಬರ್ಲಿನ್ನಿಗೆ ಹೋದಂತೆ, ನಮ್ಮ ಆಧಾರಗಳನ್ನು ನೋಡಬಲ್ಲವರ ಕಣ್ಣಿಗೆ ನಾವೇ ಒಯ್ದು ತೋರಿಸಬೇಕು. ನಮ್ಮವರು ಬರೆದುದನ್ನು ನಾವೇ ಮೊದಲು ಓದಿ, ಹೆಸರಿಟ್ಟು ಸ್ಮರಿಸಬೇಕು.