ನಿಮಗಿದು ಗೊತ್ತೇ? ಬಲಂ ಸೀಮೆಯ ದೊರೆ, ಮಂಜಿನ ಕೋಟೆ, ಕೆಲಸ ಸಿಕ್ಕ ಅರಮನೆಗಳು

ಹಾಸನದಿಂದ ಮಂಗಳೂರಿನ ಕಡೆ ಹೊರಟು ಆಲೂರಿನ ಸೀಮೆ ದಾಟುತ್ತಿದ್ದಂತೆ ಗುಡ್ಡಗಳ ಸಾಲು ಶುರುವಾಗುತ್ತದೆ. ಕಾಫಿ, ಏಲಕ್ಕಿ, ಮೆಣಸಿನ ಈ ನಾಡನ್ನು ಒಂದು ಕಾಲಕ್ಕೆ ಪಾಳೇಗಾರರು ಆಳುತ್ತಿದ್ದರು.

● ಸಕಲೇಶಪುರದ ಸುತ್ತಲಿನ ಮಲೆನಾಡಿಗೆ ಹಿಂದೆ ‘ಬಲಂ’ ಎಂಬ ಹೆಸರಿತ್ತು. ಇಲ್ಲಿನ ನಾಯಕರ ನೆಲೆ ಐಗೂರು. ಇಂದು ಅದು ಕಾಫಿ ತೋಟಗಳ ನಡುವಿನ ಊರು.

● ಸಕಲೇಶಪುರ ತಾಲ್ಲೂಕಿನ ಹಳೆಯ ಹೆಸರು ಮಂಜರಾಬಾದ್. ಟಿಪ್ಪು ಸುಲ್ತಾನ್ ಗುಡ್ಡ ಹತ್ತಿದಾಗ ಸುತ್ತಲೂ ಮಂಜೋ ಮಂಜು. ಅದಕ್ಕೇ ಈ ಹೆಸರಿಟ್ಟ ಎಂದು ಜನ ಹೇಳುತ್ತಾರೆ.

● ದೋಣಿಗಾಲ್ ಬಳಿಯ ಮಂಜರಾಬಾದ್ ಕೋಟೆ ಟಿಪ್ಪು ಕಟ್ಟಿಸಿದ್ದು, 1792ರ ಸುಮಾರಿಗೆ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನು ಅರ್ಧ ರಾಜ್ಯ ಬಿಟ್ಟುಕೊಟ್ಟಿದ್ದ. ಕೈಯಲ್ಲಿ ಉಳಿದಿದ್ದ ಮಂಗಳೂರಿನ ದಾರಿ ಕಾಯಲು ಈ ಗುಡ್ಡ ಹೇಳಿ ಮಾಡಿಸಿದಂತಿತ್ತು.

● ಕೋಟೆಗೆ ಎಂಟು ಮೂಲೆ. ಮೇಲಿನಿಂದ ನೋಡಿದರೆ ಥೇಟ್ ನಕ್ಷತ್ರ. ಕೆಳಗೆ ರಸ್ತೆಯಲ್ಲಿ ಹೋಗುವವರಿಗೆ ಇದರ ಸುಳಿವೂ ಸಿಗದು.

● ನಕ್ಷತ್ರದ ಆಕಾರ ಅಂದಕ್ಕಾಗಿ ಅಲ್ಲ. ಫಿರಂಗಿ ಕಾಲದಲ್ಲಿ ಯುರೋಪಿನಲ್ಲಿ ಹುಟ್ಟಿದ ತಂತ್ರ ಇದು. ಒಂದು ಚಾಚು ಮೂಲೆಯಲ್ಲಿ ನಿಂತವನು ಪಕ್ಕದ ಗೋಡೆಯ ಬುಡಕ್ಕೆ ಗುಂಡು ಹಾರಿಸಬಹುದು. ಶತ್ರುವಿಗೆ ಅಡಗಲು ಜಾಗವೇ ಇಲ್ಲ.

● ಒಳಗೆ ನಟ್ಟನಡುವೆ ಕೂಡು ಗುರುತಿನ (+) ಆಕಾರದ ಕೊಳವಿದೆ. ಅದರ ಮಗ್ಗುಲಲ್ಲೇ ಮದ್ದುಗುಂಡಿನ ನೆಲಮಾಳಿಗೆ ಕೋಣೆಗಳು. ಬೇಸಿಗೆಯ ಮಧ್ಯಾಹ್ನ ಮೆಟ್ಟಿಲಿಳಿದರೆ ಕಲ್ಲುಗೋಡೆಯ ತಂಪು ಮೈಗೆ ತಾಗುತ್ತದೆ.

● 1799ರಲ್ಲಿ ಟಿಪ್ಪು ಮಡಿದ ಮೇಲೂ ಬಲಂ ತಣ್ಣಗಾಗಲಿಲ್ಲ. ಇಲ್ಲಿನ ದೊರೆ ವೆಂಕಟಾದ್ರಿ ನಾಯಕ ಬ್ರಿಟಿಷರಿಗೂ ಮೈಸೂರಿಗೂ ತಲೆಬಾಗದೆ ಕಾಡನ್ನೇ ಕೋಟೆ ಮಾಡಿಕೊಂಡ.

● ಅವನ ಮೇಲೆ ದಂಡೆತ್ತಿ ಬಂದವನು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ. 1802ರ ಜನವರಿಯಲ್ಲಿ ನಾಯಕನ ಅರಕೆರೆಯ ನೆಲೆ ಬಿತ್ತು. ಅದೇ ವರ್ಷ ನಾಯಕನನ್ನು ಗಲ್ಲಿಗೇರಿಸಲಾಯಿತು. ಹದಿಮೂರು ವರ್ಷಗಳ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈ ವೆಲ್ಲೆಸ್ಲಿಯೇ!

● ಪಕ್ಕದ ಕೊಡಗಿನಲ್ಲಿ ಎದ್ದದ್ದು ಕೋಟೆಯಲ್ಲ, ಅರಮನೆ. ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡು ಅರಮನೆಯನ್ನು ಅಲ್ಲಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು 1792–94ರಲ್ಲಿ, ಅಂದರೆ ಮಂಜರಾಬಾದ್ ಕೋಟೆಯದೇ ಕಾಲ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮುನ್ನ ಅಡಗಿದ್ದದ್ದು ಇಲ್ಲೇ.

● ಅದೇ ಕೊಡಗಿನ ಮಡಿಕೇರಿ ಕೋಟೆಯೊಳಗಿನ ಅರಮನೆ ಅರಸರು ಹೋದ ಮೇಲೆ ಸರ್ಕಾರಿ ಕಚೇರಿಯಾಯಿತು. ಅಂಗಳದಲ್ಲಿ ಗಾರೆಯ ಎರಡು ಆನೆಗಳು ಇನ್ನೂ ನಿಂತಿವೆ.

● ಮೈಸೂರಿನ ಅರಮನೆಗಳಿಗೂ ಹೀಗೆಯೇ ಹೊಸ ಕೆಲಸ ಸಿಕ್ಕಿತು. ಜಗನ್ಮೋಹನ ಅರಮನೆ ಕಟ್ಟಿದ್ದು 1861ರಲ್ಲಿ. 1915ರಲ್ಲಿ ಅದು ಚಿತ್ರಶಾಲೆಯಾಯಿತು. ವೈಸ್‌ರಾಯ್ ಅತಿಥಿಗಳಿಗೆಂದು 1921ರಲ್ಲಿ ಅಡಿಗಲ್ಲು ಕಂಡ ಲಲಿತಮಹಲ್ 1974ರಲ್ಲಿ ಹೋಟೆಲ್ ಆಯಿತು. ಚೆಲುವಾಂಬ ವಿಲಾಸದಲ್ಲಿ ಈಗ ಆಹಾರ ಸಂಶೋಧನೆ, ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ.

ಅರಸರು ಹೋದ ಮೇಲೆ ಏನಾದರೊಂದು ಕೆಲಸ ಸಿಕ್ಕ ಅರಮನೆ ಬದುಕಿಕೊಂಡಿತು. ಮಂಜರಾಬಾದ್ ಕೋಟೆಗೆ ಈಗಿರುವ ಕೆಲಸ ಒಂದೇ: ಹತ್ತಿ ಬಂದವರಿಗೆ ತನ್ನ ಕಥೆ ಹೇಳುವುದು. ನೀವು ಹೋದಾಗ ಕೇಳಿಸಿಕೊಳ್ಳಿ. ಗೋಡೆಯ ಮೇಲೆ ಮಾತ್ರ ನಿಮ್ಮ ಹೆಸರು ಕೆತ್ತಬೇಡಿ.