ಒಂದು ಸುತ್ತು ತಪ್ಪಿದರೆ ಟೈರಿಗೆ ಕುತ್ತು

ಚಿಗಟೇರಿಯಿಂದ ಹರಪನಹಳ್ಳಿಗೋ ಕೊಟ್ಟೂರಿಗೋ ಓಡಾಡುವ ಹಳೆಯ ಕಾರು ತಗ್ಗು ಇಳಿದಾಗಲೆಲ್ಲ ಮುಂಭಾಗದಲ್ಲಿ ‘ಕಟಕಟ’ ಎನ್ನುತ್ತಿದೆಯೇ? ಸ್ಟಿಯರಿಂಗ್ ತಿರುಗಿಸಿದರೂ ಚಕ್ರ ತುಸು ತಡವಾಗಿ ಹೊರಳುತ್ತಿದೆಯೇ? ಹಾಗಾದರೆ ಮೊದಲು ನೋಡಬೇಕಾದದ್ದು ಸ್ಟಿಯರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಮತ್ತು ಚಕ್ರದ ಭಾಗವನ್ನು ಲೋವರ್ ಆರ್ಮಿಗೆ ಕೂಡಿಸುವ ಬಾಲ್ ಜಾಯಿಂಟ್‌ಗಳನ್ನು.

ಎರಡರ ರಚನೆಯೂ ನಮ್ಮ ತೊಡೆಯ ಕೀಲಿನಂತೆಯೇ: ಗೂಡಿನೊಳಗೆ ಉಕ್ಕಿನ ಗುಂಡು, ಸುತ್ತ ತೆಳುವಾದ ಪ್ಲಾಸ್ಟಿಕ್ ಪದರ, ಗ್ರೀಸ್, ಹೊರಗೆ ರಬ್ಬರ್ ಬೂಟ್. ಬೂಟ್ ಹರಿದರೆ ಕೀಲಿನ ಆಯಸ್ಸು ಕರಗತೊಡಗುತ್ತದೆ. ಕೆಂಪು ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳ ಗಡಸುತನ ಮೋಸ್ ಮಾಪನದಲ್ಲಿ 7. ಗ್ರೀಸಿನಲ್ಲಿ ಸೇರಿಕೊಂಡ ಈ ಕಣಗಳು ಪ್ರತಿ ತಿರುವಿನಲ್ಲೂ ಪದರವನ್ನು ಉಜ್ಜುತ್ತವೆ. ಮಳೆಗಾಲದ ನೀರು ಗ್ರೀಸನ್ನು ತೊಳೆದು ಗುಂಡಿಗೆ ತುಕ್ಕು ಹಿಡಿಸುತ್ತದೆ.

ಪರೀಕ್ಷೆ ಸುಲಭ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜ್ಯಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ನುಗ್ಗಲೇಬಾರದು. ಎರೆಮಣ್ಣಿನ ನೆಲವಾದರೆ ಜ್ಯಾಕ್ ಕುಸಿದೀತು. ಗಟ್ಟಿ ನೆಲವನ್ನೇ ಹುಡುಕಿ. ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಡಿದರೆ ಟೈ ರಾಡ್ ಕಡೆ ಸವೆತ. 12 ಮತ್ತು 6ರಲ್ಲಿ ಆಡಿದರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್. ಆಗ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್.

ಟೈ ರಾಡ್ ಎಂಡ್ ಬಿಚ್ಚುವಾಗ ನಟ್ ಸಡಿಲವಾದರೂ ಅದರ ದಿಂಡು ಜಗ್ಗುವುದಿಲ್ಲ. ಅದು ತುದಿಗೆ ಸಣ್ಣದಾಗುತ್ತ ಹೋಗುವ ಟೇಪರ್ ಆಕಾರದ್ದು. ತೂತಿನಲ್ಲಿ ಅದನ್ನು ಬಿಗಿಹಿಡಿದಿರುವುದು ಘರ್ಷಣೆ. ದಿಂಡಿನ ತುದಿಗೆ ಹೊಡೆದರೆ ಥ್ರೆಡ್ ಹಾಳಾದೀತು. ತೂತಿರುವ ಸ್ಟಿಯರಿಂಗ್ ತೋಳಿನ ಪಕ್ಕಕ್ಕೆ ಸುತ್ತಿಗೆಯ ಪೆಟ್ಟು ಬಿದ್ದರೆ ತೂತು ಅರೆಗಳಿಗೆ ಅಂಡಾಕಾರಕ್ಕೆ ಬಾಗಿ ಹಿಡಿತ ತಪ್ಪುತ್ತದೆ, ದಿಂಡು ‘ಟಪ್’ ಎಂದು ಕೆಳಗಿಳಿಯುತ್ತದೆ.

ಕಳಚುವುದಕ್ಕಿಂತ ಮೊದಲಿದ್ದ ಅಳತೆಗೇ ಕೂಡಿಸುವುದು ಕಷ್ಟ. ಎಂಡ್ ರಾಡಿಗೆ ಕೂರುವ ಥ್ರೆಡ್ಡಿನ ಒಂದು ಸುತ್ತಿಗೆ 1.5 ಮಿ.ಮೀ., ಸ್ಟಿಯರಿಂಗ್ ತೋಳಿನ ಉದ್ದ 12 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದೇ ಸುತ್ತು ಹೆಚ್ಚುಕಡಿಮೆಯಾದರೆ ಚಕ್ರದ ದಿಕ್ಕು ಸುಮಾರು 0.7 ಡಿಗ್ರಿ ತಪ್ಪುತ್ತದೆ. ಕಾರು ನೇರ ಓಡುವಾಗ ಎರಡೂ ಚಕ್ರಗಳು ಆ ತಪ್ಪನ್ನು ಹಂಚಿಕೊಂಡರೂ, ಒಂದೊಂದು ಟೈರು ಕಿಲೋಮೀಟರಿಗೆ ಆರು ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಟೈರಿನ ಒಂದೇ ಅಂಚು ಬೋಳಾಗುವುದು ಹೀಗೆ. ಆದ್ದರಿಂದ ಬಿಚ್ಚುವ ಮೊದಲೇ ಗುಂಡಿನ ನಡುವಿನಿಂದ ರಾಡಿನ ಮೇಲಿನ ಒಂದು ಗುರುತಿಗೆ ಅಳತೆ ತೆಗೆಯಿರಿ. ಹೊಸ ಭಾಗದ ಉದ್ದ ಬೇರೆಯಿದ್ದರೆ ಸುತ್ತುಗಳ ಲೆಕ್ಕವೊಂದೇ ಕೈಕೊಡುತ್ತದೆ. ದಿಂಡಿನ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಮಾಡಬೇಕೇ ಹೊರತು ಸಡಿಲಿಸಬಾರದು.

ಲೋವರ್ ಆರ್ಮಿನ ರಬ್ಬರ್ ಬುಷ್‌ಗೆ ಇನ್ನೊಂದು ನಿಯಮವಿದೆ. ಚಕ್ರ ಜೋತಾಡುತ್ತಿರುವಾಗಲೇ ಅದರ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕಡೆಯ ಬಿಗಿತವೇನಿದ್ದರೂ ಚಕ್ರದ ಮೇಲೆ ಕಾರಿನ ಭಾರ ಬಿದ್ದಾಗ.

ಸ್ಟ್ರಟ್‌ನ ಸ್ಪ್ರಿಂಗ್ ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಅದುಮಿ ಕೂರಿಸಿದ ಸ್ಪ್ರಿಂಗ್ ಚಿಮ್ಮಿದರೆ ಕೈಮುಖ ಉಳಿಯುವುದಿಲ್ಲ. ಟೈ ರಾಡ್ ಬಿಚ್ಚುವ ಮೊದಲು ತೆಗೆದ ಟೇಪಿನ ಅಳತೆ ಕೂಡ ಕಾರನ್ನು ನಿಧಾನವಾಗಿ ವೀಲ್ ಅಲೈನ್‌ಮೆಂಟ್ ಅಂಗಡಿ ಮುಟ್ಟಿಸುವುದಕ್ಕಷ್ಟೇ ಸಾಕು. ಮಜೂರಿ ಉಳಿಯಿತೆಂದು ಆ ಖರ್ಚನ್ನೂ ಉಳಿಸಹೋದರೆ, ಉಳಿಸಿದ್ದೆಲ್ಲ ಹೊಸ ಟೈರಿಗೆ ಹೋಗುತ್ತದೆ.